ಉತ್ತರ ಕೊಡಲಿಲ್ಲ ಎಂದು ನಮೂದಿಸಲಾಗಿದೆ

ಮೂರನೇ ಸಲ ಜಾಹೀರಾತು ಕೊಟ್ಟೆವು.
ಗುರುವಾರದ ಪತ್ರಿಕೆ, ಆರನೇ ಪುಟ.
ಹಳೇ ಟ್ರ್ಯಾಕ್ಟರು, ಒಣಹುಲ್ಲಿನ ಸುರುಳಿ, ಕಳೆದುಹೋದ ಕುಂಟು ನಾಯಿ,
ಅವುಗಳ ಕೆಳಗೆ
ಬೇಕಾಗಿದ್ದಾರೆ: ಚುನಾವಣಾ ಆಡಳಿತಾಧಿಕಾರಿ.
ನಲವತ್ತು ಪೌಂಡು ಎತ್ತಬಲ್ಲವರಾಗಿರಬೇಕು.
ಸ್ವಂತ ವಾಹನ ಇರಬೇಕು.
ಅಂಗಳದಲ್ಲಿ ಯಾವ ಪಕ್ಷದ ಫಲಕವೂ ಇರಬಾರದು.
ಸಂಬಳದ ಅಂಕಿಯನ್ನು ನಾನೇ ಟೈಪು ಮಾಡಿದ್ದು;
ಮೇವಿನಂಗಡಿ ಮ್ಯಾನೇಜರಿಗೆ ಇದಕ್ಕಿಂತ ಹೆಚ್ಚು.

ಬರೆಯದೆ ಬಿಟ್ಟದ್ದೂ ಇದೆ.
ಹಿಂದಿನವರು, ಡೆಲ್ಮರ್ ಹೊಫ್‌ಸ್ಟೆಟರ್,
ಹತ್ತೊಂಬತ್ತು ವರ್ಷ ಎಣಿಸಿ ಎಣಿಸಿ
ಒಂದು ಮಂಗಳವಾರ ಕೀಲಿಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು
"ಹೆಂಡತಿ ಫೋನ್ ಎತ್ತುವುದನ್ನೇ ಬಿಟ್ಟಿದ್ದಾಳೆ" ಎಂದರು.
ಅಷ್ಟೇ ರಾಜೀನಾಮೆ.
ಅವರ ಅಂಚೆಡಬ್ಬಿಯಲ್ಲಿ ಏನು ಸಿಕ್ಕಿತ್ತೆಂದು
ಷೆರಿಫ್ ನನಗೂ ಹೇಳಲಿಲ್ಲ.

ಬಂದದ್ದು ಎರಡೇ ಅರ್ಜಿ.
ಒಬ್ಬ ಫೋನಿನಲ್ಲೇ ಕೇಳಿದ, ಗುಂಡು ತಡೆಯುವ ಗಾಜು ಹಾಕಿಸಿದ್ದೀರಾ?
ಇಲ್ಲ ಅಂದೆ.
ಬರಲಿಲ್ಲ.
ಇನ್ನೊಬ್ಬಳು ಹರ್ಮೀನಿಯಾ ಕಾಂಟೂ,
ಹನ್ನೆರಡು ವರ್ಷ ಶಾಲಾ ಬಸ್ಸುಗಳ ಉಸ್ತುವಾರಿ,
ಇಸ್ತ್ರಿ ಮಾಡಿದ ಅಂಗಿ, ತೋಳಲ್ಲೊಂದು ಗ್ರೀಸ್ ಕಲೆ.

ಈ ಕಡೆ ಐದು ಕುರ್ಚಿ:
ನಡುವೆ ಕೌಂಟಿಯ ಜಡ್ಜ್, ಎಡಬಲಕ್ಕೆ ಕ್ಲರ್ಕು, ತೆರಿಗೆ ಅಧಿಕಾರಿ,
ಎರಡು ತುದಿಗಳಲ್ಲಿ ಎರಡು ಪಕ್ಷಗಳ ಅಧ್ಯಕ್ಷರು,
ಒಬ್ಬರ ನೀರಿನ ಲೋಟ ಇನ್ನೊಬ್ಬರಿಗೆ ತಾಗದಷ್ಟು ದೂರ.
ಮೂಲೆಯಲ್ಲಿ ನಾನು, ನಡಾವಳಿ ಬರೆಯಲು.

"ರಾತ್ರಿ ಎರಡಕ್ಕೆ ಯಂತ್ರ ಒಂದು ಲೆಕ್ಕ ಹೇಳುತ್ತದೆ,
ಸಹಿಪುಸ್ತಕ ಇನ್ನೊಂದು. ಆಗ?"
"ಮೊದಲಿಂದ ಎಣಿಸುತ್ತೇನೆ."
"ಆಗಲೂ ತಾಳೆಯಾಗದಿದ್ದರೆ?"
"ತಾಳೆಯಾಗಲಿಲ್ಲ ಎಂದು ಬರೆದು ಕೆಳಗೆ ಸಹಿ ಹಾಕುತ್ತೇನೆ."

"ಬಸ್ಸಿಗೂ ಇದಕ್ಕೂ ಏನಮ್ಮಾ ಸಂಬಂಧ?"
ಅವಳು ತುಸು ಹೊತ್ತು ಕಿಟಕಿಯಾಚೆ ನೋಡಿದಳು,
ಮೆಸ್ಕೀಟ್ ಪೊದೆ, ನಿಂತೇಹೋದ ಎಣ್ಣೆಬಾವಿಯ ಪಂಪು.
"ಸಂಜೆ ಬಸ್ಸುಗಳು ವಾಪಸು ಬಂದ ಮೇಲೆ
ಒಂದೊಂದನ್ನೂ ಹತ್ತಿ ಕೊನೇ ಸೀಟಿನವರೆಗೆ ನಡೆದು ನೋಡಬೇಕು.
ಖಾಲಿ ಎಂದು ಚಾಲಕ ಹೇಳಿರುತ್ತಾನೆ. ಸುಳ್ಳಲ್ಲ, ಅವನ ನಂಬಿಕೆ ಅದು.
ಎರಡು ಸಲ
ಸೀಟಿನ ಕೆಳಗೆ ಮಗು ನಿದ್ದೆಹೋಗಿತ್ತು."

ಆಮೇಲೆ ಒಂದು ತುದಿಯ ಅಧ್ಯಕ್ಷರು ನಗುತ್ತಾ,
"ನಮ್ಮ ನಮ್ಮಲ್ಲೇ ಇರಲಿ, ಹೋದ ಸಲ ಯಾರಿಗೆ ಹಾಕಿದಿರಿ?"
ಇನ್ನೊಂದು ತುದಿಯವರೂ ಕಿವಿ ನಿಮಿರಿಸಿದರು;
ಆ ದಿನ ಇಬ್ಬರೂ ಒಂದಾದದ್ದು ಅದೊಂದೇ ಗಳಿಗೆ.
ಗೋಡೆಯ ಏಸಿ ಗೊರಗುಟ್ಟಿತು.
ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು
ಕೂತೇ ಇದ್ದಳು.
ಉತ್ತರ ಕೊಡಲಿಲ್ಲ, ಎಂದು ಬರೆದುಕೊಂಡೆ.
ಅದಕ್ಕಿಂತ ಒಳ್ಳೆಯ ಉತ್ತರವನ್ನು
ಈ ಕೋಣೆಯಲ್ಲಿ ನಾನು ಬರೆದುಕೊಂಡದ್ದಿಲ್ಲ.

"ಹೊರಗೆ ಇರಲೇ?" ಎಂದಳು.
"ಪರವಾಗಿಲ್ಲ, ಕೂತಿರಿ" ಎಂದರು ಜಡ್ಜ್, ಊಟದ ಹೊತ್ತು ಮೀರಿತ್ತು.
"ಒಪ್ಪುವವರು ಕೈ ಎತ್ತಿ."
"ಮೂರು" ಎಂದೆ ನಾನು.
"ಎರಡು" ಎಂದಳು ಹರ್ಮೀನಿಯಾ.
"ತೆರಿಗೆಯವರು ಕಿವಿ ಕೆರೆದುಕೊಂಡರು, ಅಷ್ಟೆ."

ಎಲ್ಲರೂ ಅವರತ್ತ ತಿರುಗಿದೆವು.
ಕೈ ಇನ್ನೂ ಕಿವಿಯ ಬಳಿಯೇ ಇತ್ತು.
ಅವರು ಅದನ್ನು ಇಳಿಸಿದರು, ಮೇಜಿನ ಮೇಲೆ ಚಪ್ಪಟೆ ಇಟ್ಟು ನೋಡಿದರು,
ಯಾರದೋ ಕೈಯನ್ನು ನೋಡುವಂತೆ.
ಆಮೇಲೆ ಎತ್ತಿದರು, ಈ ಸಲ ಮೊಣಕೈ ನೆಟ್ಟಗೆ.

ನಾನು ಎಣಿಸಿದ್ದನ್ನು ಹೊಡೆದುಹಾಕಿ
ಮೇಲೆ ಮತ್ತೆ ಮೂರು ಎಂದೇ ಬರೆದೆ.
ಪಕ್ಕದಲ್ಲಿ ನನ್ನ ಸಹಿ ಹಾಕಿಸಿಕೊಂಡಳು.

ಕೀಲಿಗೊಂಚಲು ಕೊಟ್ಟೆ. ಹದಿನಾಲ್ಕು ಕೀಲಿ,
ಒಂದು ಯಾವ ಬಾಗಿಲಿನದೆಂದು ಡೆಲ್ಮರಿಗೂ ಗೊತ್ತಿರಲಿಲ್ಲ.
ಸಂಜೆ ನಾನು ದೀಪ ಆರಿಸಿ ಹೊರಡುವಾಗ
ಉಗ್ರಾಣದ ಕೊನೆಯಲ್ಲಿ ಸದ್ದು:
ಖಾಲಿ ಪೆಟ್ಟಿಗೆಗಳನ್ನು
ಒಂದೊಂದಾಗಿ ತೆರೆದು, ಒಳಗೆ ಕೈಯಾಡಿಸಿ,
ಮುಚ್ಚುತ್ತಿದ್ದಳು.